ಮೂರನೇ ಕೂಗು

ನಮ್ಮ ಮನೆಯಲ್ಲಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಒಂದನೇ ಕೂಗಿಗೆ ಓಗೊಡುವಂತಿರಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೇ ಸಲ ಕರೆದರೆ ಮಾತ್ರ ‘ಆಂ’ ಅನ್ನಬೇಕು. ಊರಿಗೆ ಜಡ್ಡು ಬಂದಾಗ ಮಾರಿ ಬಾಗಿಲಿಂದ ಬಾಗಿಲಿಗೆ ಬಂದು ಗುರುತಿನವರ ದನಿಯಲ್ಲೇ ಕರೆಯುತ್ತಾಳೆ, ಆದರೆ ಎರಡು ಸಲಕ್ಕಿಂತ ಹೆಚ್ಚು ಕರೆಯುವುದು ಅವಳಿಂದ ಆಗುವುದಿಲ್ಲ ಎಂದು ಅಜ್ಜಿ ನಂಬಿದ್ದಳು. ಉರಿಬಿಸಿಲಿನ ನಡುಮಧ್ಯಾಹ್ನವೂ ದೀಪ ಹಚ್ಚುವ ಹೊತ್ತೂ ಅವಳು ಓಡಾಡುವ ಸಮಯವಂತೆ.

ಗುಬ್ಬಿಯಲ್ಲಿ ನಮ್ಮ ಬೀದಿಯ ಹೆಚ್ಚುಕಮ್ಮಿ ಎಲ್ಲ ಮನೆಗಳಲ್ಲೂ ಈ ಕಟ್ಟಳೆ ಇತ್ತು. ಪೋಸ್ಟ್‌ಮ್ಯಾನ್ ಪಾಪ, ಮೂರು ಸಲ ಕೂಗಿಯೇ ಕಾಗದ ಎಸೆಯುತ್ತಿದ್ದ. ನನಗೆ ಇದೆಲ್ಲ ನಗೆಯ ವಿಷಯ. ಒಂಬತ್ತನೇ ತರಗತಿ ಓದುತ್ತಿದ್ದೆ, ಬಾಯಿ ಜೋರು. “ಮಾರಿಗೆ ಎರಡರ ಮೇಲೆ ಎಣಿಸೋಕೆ ಬರಲ್ವಾ ಅಜ್ಜಿ? ನಮ್ ಸ್ಕೂಲಿಗೆ ಕಳ್ಸು, ಮೂರರ ತನಕ ನಾವು ಹೇಳ್ಕೊಡ್ತೀವಿ” ಅಂದಿದ್ದೆ ಒಮ್ಮೆ. ಅಜ್ಜಿ ನಗಲಿಲ್ಲ. ಅವಳ ದೊಡ್ಡ ಮಗಳು, ಅಂದರೆ ನನ್ನ ಅತ್ತೆಯಾಗಬೇಕಾದವಳು, ಹತ್ತು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಹಿತ್ತಲ ಕಡೆಯ ಕೂಗಿಗೆ ‘ಬಂದೇ’ ಎಂದು ಓಡಿದಳಂತೆ. ಅಲ್ಲಿ ಯಾರೂ ಇರಲಿಲ್ಲವಂತೆ. ಸಂಜೆಯೊಳಗೆ ವಾಂತಿಭೇದಿಯಾಗಿ ತೀರಿಕೊಂಡಳು. ಇದನ್ನು ಅಮ್ಮ ನನಗೆ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಹೇಳಿದ ಮೇಲೆ ನಾನು ಅಜ್ಜಿಯ ಮುಂದೆ ಆ ತಮಾಷೆ ಮಾಡಲಿಲ್ಲ.

ನಮ್ಮ ಹಿತ್ತಲಿಗೆ ಬೆನ್ನು ಕೊಟ್ಟಂತೆ ಒಂದು ಸಣ್ಣ ಮನೆ ಇತ್ತು. ಅದು ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬರ ಮನೆ. ಅವರು ಬೆಂಕಿ ಊದುವ ತಿದಿ, ಇದ್ದಿಲು, ತವರ ಕಟ್ಟಿಕೊಂಡು ಹಳ್ಳಿಹಳ್ಳಿ ಸುತ್ತುತ್ತಿದ್ದರು. ಹುತ್ರಿದುರ್ಗದ ಕಡೆ ಹೋದರೆಂದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅವರ ದೊಡ್ಡ ಮಗಳನ್ನು ಕುಣಿಗಲ್ಲಿಗೆ ಕೊಟ್ಟಿತ್ತು. ಚಿಕ್ಕವಳು ನನ್ನ ಗೆಳತಿ. ಒಂದೇ ತರಗತಿ, ಒಂದೇ ಬೆಂಚು. ಮನೆಯಲ್ಲಿ ಅವರ ಭಾಷೆ, ನನ್ನ ಜೊತೆ ನನಗಿಂತ ಚೊಕ್ಕ ಕನ್ನಡ. ಅವಳು ಯಾವಾಗಲೂ ಬೇಲಿಯ ಸಂದಿಯಿಂದ ನುಸುಳಿ ನಮ್ಮ ಹಿತ್ತಲ ಬಾಗಿಲಿಗೇ ಬರುವುದು. ನಮ್ಮ ಮನೆಯ ಕಟ್ಟಳೆ ಅವಳಿಗೆ ಬಾಯಿಪಾಠ. ನನ್ನ ಹೆಸರನ್ನು ಮೂರು ಸಲವೂ ಒಂದೇ ಉಸಿರಿಗೆ ಕೂಗಿ, “ಆಯ್ತು, ಈಗ ಬಾರೇ” ಅನ್ನುತ್ತಿದ್ದಳು. ಅಜ್ಜಿ ಒಳಗಿನಿಂದ ಗೊಣಗುತ್ತಿದ್ದಳು. ಬೈದರೂ ಅವಳಿಗೆಂದು ಒಂದು ರೊಟ್ಟಿ ಎತ್ತಿಡುತ್ತಿದ್ದವಳು ಅಜ್ಜಿಯೇ.

ಎಪ್ಪತ್ತರ ದಶಕದ ಆ ಬೇಸಿಗೆಯಲ್ಲಿ ಊರಿಗೆ ವಾಂತಿಭೇದಿ ಬಂತು. ಕೆರೆ ಬತ್ತಿತ್ತು, ಇಡೀ ಪೇಟೆ ನಾಲ್ಕೈದು ಬಾವಿಗಳ ಮೇಲೆ ಬಿದ್ದಿತ್ತು. ಟಾಂಟಾಂ ಹೊಡೆದು ನೀರು ಕಾಯಿಸಿ ಕುಡಿಯಲು ಹೇಳಿ ಹೋದರು. ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿದರು. ಬೀದಿಯ ಗಾಳಿಗೇ ಔಷಧದ ವಾಸನೆ ಹತ್ತಿಕೊಂಡಿತು. ಪರೀಕ್ಷೆ ಮುಂದಕ್ಕೆ ಹೋಯಿತು, ಸ್ಕೂಲು ಮುಚ್ಚಿತು. ನಮ್ಮ ಪ್ರಾಯದ ಹೆಣ್ಣುಮಕ್ಕಳಿಗೆ ಹೊಸಿಲು ದಾಟಬೇಡಿ ಎಂದರು. ಮೊದಲ ಎರಡು ದಿನ ಪರೀಕ್ಷೆ ಇಲ್ಲವೆಂದು ಖುಷಿಪಟ್ಟೆವು. ಮೂರನೇ ದಿನ ಬೀದಿಯ ಕೊನೆಯ ಮನೆಯಿಂದ ಒಬ್ಬರನ್ನು ಹೊತ್ತೊಯ್ದರು. ಆಮೇಲೆ ದಿನವೂ ಯಾರದೋ ಮನೆಯ ಅಳು ಕೇಳಿಸಿಕೊಂಡೇ ಊಟ ಮಾಡುವುದಾಯಿತು. ಹಿರಿಯರು ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಾವು ಹತ್ತಿರ ಹೋದರೆ ಬಾಯಿ ಮುಚ್ಚುತ್ತಿದ್ದರು. ‘ನಿನಗೆ ಹೆದರಿಕೆಯಾಗುತ್ತಾ?’ ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆನೇನೋ, ಆದರೂ ಕೇಳಬೇಕಿತ್ತು ಎಂದು ಈಗಲೂ ಸಿಟ್ಟು ಬರುತ್ತದೆ.

ಗೆಳತಿಯನ್ನು ನೋಡಿ ವಾರವಾಗಿತ್ತು. ಬೇಲಿಯ ಆಚೆ ಬಟ್ಟೆ ಒಣಹಾಕುವಾಗ ಕೈ ಬೀಸುತ್ತಿದ್ದಳು, ನಾನೂ ಬೀಸುತ್ತಿದ್ದೆ.

ಆ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ನನಗೆ ಕಾಲರಾ ಸೂಜಿ ಹಾಕಿಸಿದ್ದರು. ತೋಳು ಊದಿ ಜ್ವರ ಬಂದಿತ್ತು. ಅಪ್ಪ ನನ್ನನ್ನು ಮನೆಗೆ ಬಿಟ್ಟು ಬಟ್ಟೆ ಅಂಗಡಿಗೆ ಹೋದರು. ಅಮ್ಮ ಹೆಂಗಸರ ಸಾಲಿನಲ್ಲಿ ಇನ್ನೂ ನಿಂತಿದ್ದಳು. ಮನೆಯಲ್ಲಿ ನಾನು ಮತ್ತು ಅಜ್ಜಿ. ಹಿತ್ತಲ ಬಾಗಿಲ ಬಳಿಯ ತಣ್ಣನೆ ನೆಲದ ಮೇಲೆ ನಾನು ಚಾಪೆ ಹಾಕಿ ಮಲಗಿದ್ದೆ. ಅಜ್ಜಿ ಪಕ್ಕದಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಬಾಗಿಲು ಹಾಕಿತ್ತು. ಬಿಸಿಲು ನೆತ್ತಿಯ ಮೇಲೆ.

ಹೊರಗಿನಿಂದ ನನ್ನ ಹೆಸರು ಕೇಳಿತು. ಅದು ಗೆಳತಿಯದೇ ದನಿ, ಆದರೆ ಎಂದಿನ ಹಾಗೆ ಮೂರನ್ನೂ ಒಟ್ಟಿಗೆ ಕೂಗಲಿಲ್ಲ. ಒಂದೇ ಸಲ.

ನಾನು ಎದ್ದು ಕೂತೆ. ಅಜ್ಜಿ ನನ್ನ ಕೈ ಹಿಡಿದುಕೊಂಡಳು. ನನ್ನ ಬಳೆಗಳು ಒಂದಕ್ಕೊಂದು ತಾಗಿ ಸದ್ದಾಯಿತು. “ಸುಮ್ನಿರು. ಮೂರಾಗ್ಲಿ” ಎಂದು ಸನ್ನೆಯಲ್ಲೇ ಹೇಳಿದಳು. ಅವಳ ಮುಖ ನೋಡಿದೆ. ಹತ್ತು ವರ್ಷದ ಮಗಳನ್ನು ಕಳೆದುಕೊಂಡ ದಿನವೂ ಅವಳ ಮುಖ ಹೀಗೇ ಇದ್ದಿರಬೇಕು.

ಎರಡನೇ ಸಲ ಕೂಗಿದಳು. ಈ ಸಲ ದನಿ ನಡುಗುತ್ತಿತ್ತು.

ನಮ್ಮ ಹಿತ್ತಲ ಬಾಗಿಲಿನ ಕೆಳಗೆ ಹಲಗೆ ಸವೆದು ನಾಲ್ಕು ಬೆರಳಗಲದ ಸಂದಿ ಇತ್ತು. ಅಲ್ಲಿ ಅವಳ ಪಾದ ಕಾಣುತ್ತಿತ್ತು. ಒಂದರಲ್ಲಿ ನೀಲಿ ಹವಾಯಿ ಚಪ್ಪಲಿ, ಇನ್ನೊಂದು ಬರಿಗಾಲು. ಕಾದ ಕಲ್ಲಿನ ಮೇಲೆ ನಿಲ್ಲಲಾಗದೆ ಬರಿಗಾಲನ್ನು ಎತ್ತಿ ಚಪ್ಪಲಿ ಇದ್ದ ಕಾಲಿನ ಮೇಲೆ ಇಟ್ಟುಕೊಂಡಿದ್ದಳು. ಮಾರಿಗೆ ಹವಾಯಿ ಚಪ್ಪಲಿ ಎಲ್ಲಿಂದ ಬರಬೇಕು? ಅದು ಅವಳೇ ಎಂದು ನನಗೆ ಗೊತ್ತಿತ್ತು.

ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಿಬಿಡುತ್ತೇನೆ, ಮನೆಯವರಿಂದ ವರ್ಷಗಟ್ಟಲೆ ಅದನ್ನು ಮುಚ್ಚಿಟ್ಟಿದ್ದೆ. ಎರಡನೇ ಕೂಗಿನ ಹೊತ್ತಿಗೆ ಅಜ್ಜಿಯ ಕೈ ಸಡಿಲವಾಗಿತ್ತು. ಅವಳೂ ಆ ಪಾದ ನೋಡಿದ್ದಳು. ನನ್ನನ್ನೇ ನೋಡುತ್ತಿದ್ದಳು, ಏನು ಮಾಡುತ್ತೀಯೋ ಮಾಡು ಅನ್ನುವ ಹಾಗೆ. ಎದ್ದು ಅಗುಳಿ ತೆಗೆಯಬಹುದಿತ್ತು. ನಾನು ಏಳಲಿಲ್ಲ. ಅವಳ ಮನೆಗೆ ಜಡ್ಡು ಬಂದಿದೆ ಎಂದು ಆ ದನಿಯಲ್ಲೇ ತಿಳಿದುಹೋಗಿತ್ತು, ನನಗೆ ಪ್ರಾಣಭಯವಾಗಿತ್ತು. ಇಷ್ಟು ದಿನ ನಕ್ಕ ಕಟ್ಟಳೆಯ ಹಿಂದೆಯೇ ಹೋಗಿ ಬಚ್ಚಿಟ್ಟುಕೊಂಡೆ. ಮೂರನೇ ಸಲ ಕರೆದರೆ ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಅವಳು ತುಂಬ ಹೊತ್ತು ನಿಂತಿದ್ದಳು. ಆಮೇಲೆ ಸಂದಿಯಲ್ಲಿ ಬರೀ ಬಿಸಿಲು ಉಳಿಯಿತು.

ಸಂಜೆ ಅಮ್ಮ ಬಂದು ಹೇಳಿದಳು. ಹಿಂದಿನ ಮನೆಯಾಕೆಗೆ ಬೆಳಗಿನ ಜಾವದಿಂದ ಬಿಟ್ಟೂಬಿಡದೆ ವಾಂತಿಭೇದಿ ಆಗಿತ್ತಂತೆ. ಮನೆಯಲ್ಲಿ ಮಗಳೊಬ್ಬಳೇ. ಅವಳೇ ರಸ್ತೆಗೆ ಓಡಿ ಜಟಕಾ ನಿಲ್ಲಿಸಿ, ಅಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಬಂದಳಂತೆ. ದಾರಿಯಲ್ಲೇ ಜೀವ ಹೋಗಿತ್ತಂತೆ. “ಆ ಮಗು ಅಳ್ಲೂ ಇಲ್ಲ ಕಣ್ರೀ, ಸುಮ್ನೆ ಕೂತಿತ್ತು” ಎಂದು ಅಮ್ಮ ಅಪ್ಪನಿಗೆ ಹೇಳುತ್ತಿದ್ದಳು. ಅಜ್ಜಿ ಹುಣಸೆಹಣ್ಣಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಮೂರು ದಿನದ ಮೇಲೆ ಅವಳಪ್ಪ ಬಂದು ಮನೆಗೆ ಬೀಗ ಹಾಕಿ ಅವಳನ್ನು ಕುಣಿಗಲ್ಲಿನ ಅಕ್ಕನ ಮನೆಗೆ ಕರೆದುಕೊಂಡು ಹೋದರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಅವಳು ನಮ್ಮ ಮನೆಯ ಕಡೆ ತಿರುಗಲಿಲ್ಲ. ಬೇಲಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಅವಳ ಇನ್ನೊಂದು ಚಪ್ಪಲಿಯನ್ನು ಅಜ್ಜಿ ಕೋಲಿನಿಂದ ಎತ್ತಿ ತಿಪ್ಪೆಗೆ ಹಾಕಿ ಸೀಮೆಎಣ್ಣೆ ಸುರಿದು ಸುಟ್ಟಳು. ರಬ್ಬರಿನ ಆ ಕಮಟು ಹೊಗೆ ಮನೆಯೊಳಕ್ಕೆಲ್ಲ ಬಂತು.

ಸ್ಕೂಲು ತೆರೆದಾಗ ನನ್ನ ಬೆಂಚಿನಲ್ಲಿ ಅವಳ ಜಾಗ ಖಾಲಿ. ನನಗೆ ಅದೇ ಮಳೆಗಾಲದಲ್ಲಿ ಶುರುವಾಯಿತು. ಯಾರೂ ಕರೆಯದೆ ಓಗೊಡತೊಡಗಿದೆ. ಮಧ್ಯಾಹ್ನದ ಹೊತ್ತು, ಎರಡು ಕೂಗು. ಕಿವಿಯ ಹೊರಗಿನಿಂದಲೇ ಬಂದಷ್ಟು ಸ್ಪಷ್ಟ. ಮೊದಲನೆಯದಕ್ಕೇ ನಾನು ‘ಆಂ, ಬಂದೆ’ ಎಂದು ಎದ್ದು ನಿಲ್ಲುತ್ತಿದ್ದೆ. ಗಣಿತದ ಪೀರಿಯಡ್ಡಿನಲ್ಲಿ ಮೇಷ್ಟ್ರು ಬೋರ್ಡಿನ ಕಡೆ ತಿರುಗಿರುವಾಗ ಎದ್ದು ಬಾಗಿಲಿಗೆ ಓಡಿದ್ದೇನೆ. ಮೊದಮೊದಲು ಹುಡುಗಿಯರು ನಕ್ಕರು. ಆಮೇಲೆ ನಗುವುದನ್ನು ಬಿಟ್ಟು ಬೆಂಚು ಬದಲಾಯಿಸಿದರು. ಅನ್ನ ಸೇರುತ್ತಿರಲಿಲ್ಲ. ಕೈ ತೊಳೆದೂ ತೊಳೆದೂ ಬೆರಳ ಸಂದಿ ಬಿರಿದಿತ್ತು.

ಮನಸ್ಸಿಗೆ ಏಟು ಬೀಳುತ್ತದೆ, ಅದಕ್ಕೂ ಆರೈಕೆ ಬೇಕು ಎಂಬ ಮಾತು ಆಗ ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಇದ್ದದ್ದು ಎರಡೇ, ಒಂದು ಗಾಳಿ ಸೋಕುವುದು, ಇನ್ನೊಂದು ಸೊಕ್ಕು. ಅಜ್ಜಿ ದೃಷ್ಟಿ ತೆಗೆದಳು. ಅಪ್ಪ ಮಠಕ್ಕೆ ಕರೆದುಕೊಂಡು ಹೋಗಿ ವಿಭೂತಿ ಹಚ್ಚಿಸಿ ತಾಯಿತ ಕಟ್ಟಿಸಿದರು. ಎದುರು ಮನೆಯವರು ನನ್ನನ್ನು ದರ್ಗಾಕ್ಕೆ ಕರೆದೊಯ್ದು ನವಿಲುಗರಿ ಸವರಿಸಿದರು. ತುಮಕೂರಿನ ಡಾಕ್ಟರು ನಾಲಗೆ ನೋಡಿ, ಓದಿ ಓದಿ ತಲೆ ಕಾದಿದೆ ಎಂದು ಟಾನಿಕ್ ಬರೆದುಕೊಟ್ಟರು. ನಾನು ಓದಿ ತಲೆ ಕಾಯಿಸಿಕೊಂಡವಳೆಂದು ಹೇಳಿದ್ದು ಈ ಭೂಮಿಯ ಮೇಲೆ ಅವರೊಬ್ಬರೇ. ಎಲ್ಲರೂ ಪ್ರೀತಿಯಿಂದಲೇ ಮಾಡಿದರು, ಅಲ್ಲ ಅನ್ನುವುದಿಲ್ಲ. ಆದರೆ ಯಾರೂ ನನ್ನನ್ನೇ ಒಂದು ಮಾತು ಕೇಳಲಿಲ್ಲ. ನನಗೂ ಹೇಳಲು ಬಾಯಿ ಇರಲಿಲ್ಲ. ಅಜ್ಜಿ ಒಬ್ಬಳಿಗೆ ಎಲ್ಲ ಗೊತ್ತಿತ್ತು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡದೆ ಆ ವರ್ಷ ಕಳೆದೆವು.

ಒಂದು ಮಧ್ಯಾಹ್ನ ನನಗೆ ಕೂಗು ಕೇಳಿ, ‘ಬಂದೆ’ ಎಂದು ಬೀದಿ ಬಾಗಿಲು ತೆಗೆದರೆ ಅಲ್ಲಿ ನಿಜವಾಗಿಯೂ ಒಬ್ಬರು ನಿಂತಿದ್ದರು. ಬಾವಿಗಳ ತಪಾಸಣೆಗೆ ಬರುತ್ತಿದ್ದ ನರ್ಸಮ್ಮ. ಬಿಳಿ ಸೀರೆ, ಕರಿ ಕೊಡೆ, ಬೆವರಿದ ಮುಖ.

“ನಾನಿನ್ನೂ ಕರೆದೇ ಇಲ್ವಲ್ಲಮ್ಮ” ಅಂದರು. ನರ್ಸಮ್ಮ ಕೊಡೆ ಮಡಚಿದರು. “ಮತ್ತೆ ಯಾರು ಕರೆದ್ರು?”

ನನ್ನನ್ನು ಹಾಗೆ ಕೇಳಿದ ಮೊದಲನೆಯವರು ಅವರು. ಅಲ್ಲೇ ಜಗುಲಿಯ ಮೇಲೆ ಕೂತು ಎಲ್ಲ ಹೇಳಿದೆ. ಬರಿಗಾಲು, ಚಪ್ಪಲಿ, ಅಜ್ಜಿಯ ಸಡಿಲವಾದ ಕೈ, ಎಲ್ಲ. ಅತ್ತು ಬಿಕ್ಕಳಿಕೆ ಹತ್ತಿತು. ನರ್ಸಮ್ಮ ನನ್ನ ಬೆನ್ನು ಸವರಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ನಾನು ಮುಗಿಸುವ ತನಕ ಎದ್ದು ಹೋಗದೆ ಕೂತಿದ್ದರು.

“ನಿನ್ ತಪ್ಪೇನಿಲ್ಲ ಅಂತ ನಾನಂದ್ರೆ ನೀನು ನಂಬಲ್ಲ, ಅದಕ್ಕೇ ಅನ್ನಲ್ಲ” ಅಂದರು ಕೊನೆಗೆ. “ಭಾನುವಾರ ನನ್ ಜೊತೆ ಬರ್ತೀಯಾ? ಈ ಊರಲ್ಲಿ ಮೂರು ಸಲ ಕೂಗ್ದೆ ಒಬ್ರೂ ಬಾಗಿಲು ತೆಗೆಯಲ್ಲ. ದಿನಕ್ಕೆ ಅರವತ್ತು ಮನೆ ಕೂಗಿ ಕೂಗಿ ನನ್ ಗಂಟಲು ಬಿದ್ದೋಗಿದೆ. ನಂಗೊಂದು ಗಂಟಲು ಬೇಕು.”

ಹೀಗೆ ನಾನು ಕೂಗುವ ಕೆಲಸಕ್ಕೆ ಸೇರಿದೆ. ಭಾನುವಾರಗಳಲ್ಲಿ ಗುಬ್ಬಿಯ ಬೀದಿಗಳು, ಕೆಲವು ಸಲ ಬಸ್ಸು ಹತ್ತಿ ನಿಟ್ಟೂರು. ಪ್ರತಿ ಮನೆಯ ಮುಂದೆ ಮೂರು ಸಲ ಕೂಗಬೇಕು, ಬಾಗಿಲು ತೆರೆಯುವ ತನಕ ನಿಲ್ಲಬೇಕು. ಒಳಗೆ ಹೋದರೆ ನರ್ಸಮ್ಮ ಮೊದಲು ಕೂರುತ್ತಿದ್ದರು, ಆಮೇಲೆ ಮಾತು. ಕಾಯಿಸಿ ಆರಿಸಿದ ನೀರಿಗೆ ಸಕ್ಕರೆ, ಉಪ್ಪು ಎಷ್ಟು ಹಾಕಬೇಕು, ಮಗುವಿನ ನಾಲಗೆ ಒಣಗಿದೆಯೇ, ಕಣ್ಣು ಗುಳಿಬಿದ್ದಿದೆಯೇ ನೋಡುವುದು ಹೇಗೆ ಎಂದು ತೋರಿಸಿಕೊಟ್ಟರು. ತಿಳಿದಂತೆಲ್ಲ ಒಂದು ಲೋಟ ಉಪ್ಪುಸಕ್ಕರೆ ನೀರು ಆ ಮಧ್ಯಾಹ್ನ ಏನು ಮಾಡಬಹುದಿತ್ತು ಎಂದು ನನಗೆ ಹೊಳೆಯುತ್ತಿತ್ತು. ಕೆಲವು ರಾತ್ರಿ ಅದು ನಿದ್ದೆ ಕೆಡಿಸುತ್ತಿತ್ತು. ಆದರೂ ಬರುವ ಭಾನುವಾರ ಮತ್ತೆ ಹೊರಡುತ್ತಿದ್ದೆ. ಕಿವಿಯೊಳಗಿನ ಕೂಗು ದಿನಕ್ಕೊಮ್ಮೆ ಬರುತ್ತಿದ್ದದ್ದು ವಾರಕ್ಕೊಮ್ಮೆಯಾಯಿತು, ತಿಂಗಳಿಗೊಮ್ಮೆಯಾಯಿತು. ನಿಲ್ಲಲಿಲ್ಲ. ಅನ್ನ ಸೇರಿತು, ಅಷ್ಟು ಸಾಕಾಗಿತ್ತು.

ಎಸ್ಸೆಸ್ಸೆಲ್ಸಿ ಆದ ಮೇಲೆ ನಾನೂ ಅದೇ ಕೆಲಸದ ಟ್ರೈನಿಂಗಿಗೆ ಹೋದೆ. ತುಮಕೂರಿನ ಸದಾಶಿವನಗರದಲ್ಲಿ ಒಬ್ಬರ ಮನೆಯ ಹಿಂದಿನ ಕೋಣೆಯಲ್ಲಿ ಇದ್ದು ಓದಿದೆ. ಅಜ್ಜಿ ತೀರಿಕೊಂಡದ್ದು ಆಗಲೇ. ಕೊನೆಯ ದಿನ ನನ್ನ ಅದೇ ಕೈ ಹಿಡಿದು, “ನಾನು ಬಿಟ್ಟಿದ್ದೆ ಕಣವ್ವ” ಅಂದಳು. “ಹೂಂ ಅಜ್ಜಿ, ಗೊತ್ತು” ಅಂದೆ. ಮನೆಯವರಿಗೆ ಅದು ಜ್ವರದ ಬಡಬಡಿಕೆ.

ಎಂಬತ್ತರ ದಶಕದಲ್ಲಿ ಕೆಲಸ ಸಿಕ್ಕಾಗ ನಾನಾಗಿಯೇ ಕೇಳಿ ಕುಣಿಗಲ್ಲಿಗೆ ಹಾಕಿಸಿಕೊಂಡೆ. ಕೇಳಿ ಹಾಕಿಸಿಕೊಂಡವಳು, ಗೆಳತಿ ಇದ್ದಾಳೆಂದು ಗೊತ್ತಿದ್ದ ಮಸೀದಿಯ ಹಿಂದಿನ ಕಲಾಯಿಯವರ ಬೀದಿಗೆ ಮಾತ್ರ ಎಂಟು ತಿಂಗಳು ಕಾಲಿಡಲಿಲ್ಲ. ಆ ಬೀದಿಯನ್ನು ಜೊತೆಯ ಸಿಸ್ಟರಿಗೆ ಬಿಟ್ಟುಕೊಟ್ಟು, ಅವಳ ಪಾಲಿನ ದೂರದ ಹಳ್ಳಿಗಳನ್ನು ನಾನು ನಡೆಯುತ್ತಿದ್ದೆ. ಅವಳು ಹೆರಿಗೆ ರಜೆಗೆ ಹೋದಳು. ಬೇರೆ ದಾರಿ ಇರಲಿಲ್ಲ. ಒಂದು ಮಧ್ಯಾಹ್ನ ಲಸಿಕೆಯ ಐಸ್ ಡಬ್ಬ ಹೆಗಲಿಗೆ ಹಾಕಿಕೊಂಡು ಹೊರಟೆ.

ಸ್ಟೀಲ್ ಪಾತ್ರೆ ಬಂದು ಕಲಾಯಿಯ ಕೆಲಸ ಮಲಗಿತ್ತು. ಬೀದಿಯಲ್ಲಿ ಒಂದೇ ಒಂದು ತಿದಿ ಉಸಿರಾಡುತ್ತಿತ್ತು. ಮೂರನೇ ಮನೆಯ ಮುಂದೆ ನಿಂತು ಕೂಗಿದೆ. “ಅಮ್ಮಾ, ಆಸ್ಪತ್ರೆಯಿಂದ ಬಂದಿದೀನಿ. ಮಗೂಗೆ ಸೂಜಿ ಹಾಕ್ಬೇಕು.” ಉತ್ತರವಿಲ್ಲ. ಎರಡನೇ ಸಲ ಕೂಗಿದೆ. ಒಳಗೆ ಮಗುವಿನ ಸದ್ದಿತ್ತು. ಮೂರನೇ ಸಲ ಕೂಗಿದ ಮೇಲೆ ಅಗುಳಿ ಸರಿಯಿತು. ಸೊಂಟದ ಮೇಲೆ ಮಗು ಇಟ್ಟುಕೊಂಡು ನನ್ನ ಗೆಳತಿ ನಿಂತಿದ್ದಳು.

“ಮೊದಲ್ನೇ ಸಲಕ್ಕೇ ನಿನ್ ದನಿ ಗುರುತು ಸಿಕ್ತು” ಅಂದಳು.

“ಮತ್ಯಾಕೆ ತೆಗೀಲಿಲ್ಲ?”

“ಮೂರೂ ಕೂಗ್ತೀಯೋ ಇಲ್ವೋ ನೋಡಣ ಅಂತ.”

ನಗಲಿಲ್ಲ ಅವಳು. ಒಳಗೆ ಕರೆದು ಚಾಪೆ ಹಾಕಿದಳು. ಮಗುವಿನ ತೊಡೆಗೆ ಸೂಜಿ ಹಾಕಿದೆ. ಮಗು ಅತ್ತು ಸುಮ್ಮನಾಯಿತು. ಅವಳು ಚಾ ತಂದಿಟ್ಟಳು. ನಾನು ಕುಡಿಯದೆ, ಹತ್ತು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಹೇಳಿದೆ.

“ಅವತ್ತು ನಾನು ಬಾಗಿಲ ಹಿಂದೇನೇ ಇದ್ದೆ.”

“ಗೊತ್ತು. ಬಳೆ ಸದ್ದು ಕೇಳ್ತು.”

“ನಿನ್ ಕಾಲು ಕಾಣ್ತಿತ್ತು. ಅಜ್ಜಿ ಕೈ ಬಿಟ್ಟಿದ್ಲು. ನಾನೇ ಬರ್ಲಿಲ್ಲ. ಹೆದ್ರಿಕೆ ಆಯ್ತು ಕಣೇ.”

ಅವಳು ಮಗುವಿನ ಅಂಗಿಯ ಗುಂಡಿ ಹಾಕುತ್ತಿದ್ದಳು. ಎಲ್ಲ ಗುಂಡಿಗಳನ್ನೂ ಹಾಕಿ ಮುಗಿಸಿದಳು.

“ನಂಗೂ ಆಗಿತ್ತು ಹೆದ್ರಿಕೆ” ಅಂದಳು. “ಅಮ್ಮೀನ ಒಬ್ಳೇ ನೋಡ್ಕಂಡು ಕೂರಕ್ಕಾಗ್ಲಿಲ್ಲ. ನೀನು ಬಂದು ಪಕ್ಕ ಕೂತ್ರೆ ಸಾಕು ಅನ್ನಿಸ್ತು, ಇನ್ನೇನೂ ಬೇಕಿರ್ಲಿಲ್ಲ. ಓಡ್ಬಂದು ಒಂದು ಸಲ ಕೂಗ್ದೆ, ಎರಡು ಸಲ ಕೂಗ್ದೆ. ಮೂರನೇದಕ್ಕೆ ಬಾಯಿ ತೆಗ್ದಿದ್ದೆ. ಆಗ ನನ್ ಕೈ ನೋಡ್ಕಂಡೆ. ಅಮ್ಮೀದು ವಾಂತಿಭೇದಿ ಎಲ್ಲ ಬಳಿದಿದ್ದೆನಲ್ಲ, ಕೈ ಹಂಗೇ ಇತ್ತು. ಮೂರನೇದು ಕೂಗಿದ್ರೆ ನೀನು ಬಂದ್ಬಿಡ್ತಿದ್ದೆ. ಬಂದಿದ್ರೆ ನಿಂಗೂ ಅಂಟ್ಕಳದು. ಬಾಯಿ ಮುಚ್ಕಂಡೆ.”

ನಾನು ಅತ್ತೆ. ಕೆಲಸದ ಬಿಳಿ ಸೀರೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡು, ನಾಚಿಕೆಯಿಲ್ಲದೆ ಅತ್ತೆ. ಎದೆಯ ಮೇಲಿನ ಕಲ್ಲು ಇಳಿಯಿತು ಅನ್ನಿಸಿತು. ನನ್ನನ್ನು ಉಳಿಸುವುದಕ್ಕೆಂದೇ ಅವಳು ಸುಮ್ಮನಾಗಿದ್ದಳು, ಹಾಗಾದರೆ ನನ್ನ ಮೇಲೆ ಕೋಪವಿಲ್ಲ, ಎಲ್ಲ ಸರಿಹೋಯಿತು. ಹದಿನೈದು ವರ್ಷದ ಹುಡುಗಿಯ ಹಾಗೆ ಅಷ್ಟೆಲ್ಲ ಒಂದೇ ಗುಕ್ಕಿಗೆ ನಂಬಿದೆ. ತಣ್ಣಗಾದ ಚಾ ಕುಡಿದು, ಮಗುವಿಗೆ ಜ್ವರ ಬಂದರೆ ಏನು ಕೊಡಬೇಕೆಂದು ಹೇಳಿ, ಡಬ್ಬ ಹೆಗಲಿಗೇರಿಸಿ ಹೊರಗೆ ಬಂದೆ.

ನಾಲ್ಕು ಹೆಜ್ಜೆ ಹೋಗಿದ್ದೆ. ಹಿಂದಿನಿಂದ ನನ್ನ ಹೆಸರು ಕೂಗಿದಳು. ಒಂದೇ ಸಲ.

ತಟ್ಟನೆ ತಿರುಗಿದೆ. ಅವಳು ಬಾಗಿಲಲ್ಲಿ ನಿಂತಿದ್ದಳು, ಬರಿಗಾಲಲ್ಲಿ. ಹೊಸಿಲಿನ ಮೇಲೂ ಬಿಸಿಲು ಬಿದ್ದಿತ್ತು.

“ಏನಿಲ್ಲ” ಅಂದಳು. “ಅವತ್ತೂ ಹಿಂಗೇ ತಿರುಗ್ತೀಯ ಅನ್ಕಂಡಿದ್ದೆ. ಮೂರನೇದು ನಾನು ಕೂಗದೇ ಇದ್ರೂ ನೀನು ಬರ್ತೀಯ ಅಂತ ನಿಂತೇ ಇದ್ದೆ ಕಣೇ, ಕಾಲು ಸುಡ್ತಿತ್ತು.” ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. “ಹೋಗ್ಬಿಟ್ಟು ಬಾ. ಮುಂದಿನ ತಿಂಗಳು ಇನ್ನೊಂದು ಸೂಜಿ ಅದೆ ಅಂದ್ಯಲ್ಲ.”

ಹೋದೆ, ಮುಂದಿನ ತಿಂಗಳೂ, ಅದರ ಮುಂದಿನ ತಿಂಗಳೂ. ಅವಳು ಪ್ರತಿ ಸಲವೂ ಮೂರನೇ ಕೂಗಿಗೇ ಬಾಗಿಲು ತೆಗೆದಳು.